ವಿಕಟಕವಿ ಪಾಲಿಂಡ್ರೋಮ್ ಅಲ್ಲವಂತೆ

ಫಸ್ಟ್ ಇಯರ್ ಕ್ಲಾಸ್ ಶುರುವಾಗಿ ಹದಿನೈದು ದಿನ ಆಗುತ್ತಿದ್ದ ಹಾಗೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಒಂದು ಪ್ರಶ್ನೆ ಓಡಾಡೋಕೆ ಶುರುವಾಗುತ್ತೆ. "ಅಣ್ಣಾ, ಯಾವ ಲ್ಯಾಂಗ್ವೇಜ್ ಕಲೀಲಿ? ಜಾವಾನಾ, ಪೈಥಾನಾ?" ಈ ಸಲ ನನ್ನ ಹತ್ರ ಹನ್ನೊಂದು ಜನ ಕೇಳಿದ್ದಾರೆ. ಎಣಿಸಿಟ್ಟುಕೊಂಡಿದ್ದೀನಿ, ಯಾಕಂದ್ರೆ ಮೂರು ವರ್ಷದ ಹಿಂದೆ ಇದೇ ಕಾರಿಡಾರಿನಲ್ಲಿ ನಾನೂ ನಾಲ್ಕು ಜನ ಸೀನಿಯರ್‌ಗಳನ್ನ ಕೇಳಿ ಐದು ಉತ್ತರ ತಗೊಂಡಿದ್ದೆ. ಜಾವಾ ಇದ್ರೆ ಕೆಲಸ ಗ್ಯಾರಂಟಿ ಅಂದರು ಒಬ್ಬರು. ಪೈಥಾನ್ ಈಸಿ ಮಗಾ ಅಂದರು ಇನ್ನೊಬ್ಬರು. ಸಿ ಪ್ಲಸ್ ಪ್ಲಸ್ ಇಲ್ಲದೆ ಕೋಡಿಂಗ್ ರೌಂಡ್ ದಾಟೋಕಾಗಲ್ಲ ಅಂತ ಮೂರನೆಯವರು, ಜಾವಾಸ್ಕ್ರಿಪ್ಟ್ ಕಲಿತು ಫುಲ್ ಸ್ಟ್ಯಾಕ್ ಆಗು ಅಂತ ನಾಲ್ಕನೆಯವರು. ಐದನೇ ಉತ್ತರ, ಮೊದಲನೆಯವರೇ ಮಾರನೇ ದಿನ ಬದಲಾಯಿಸಿ ಹೇಳಿದ್ದು.

ಈ ಹನ್ನೊಂದು ಜನಕ್ಕೆ ನಾನು ಸರಿಯಾಗಿ ಏನೂ ಹೇಳಲಿಲ್ಲ. ಕ್ಯಾಂಟೀನ್ ಟೀ ಮುಗಿಯುವಷ್ಟರಲ್ಲಿ ಹೇಳಿ ಮುಗಿಸೋ ಅಂಥ ಉತ್ತರ ನನ್ನ ಹತ್ರ ಇಲ್ಲ. ಅದಕ್ಕೇ ನಮ್ಮ ಸಂಘದ ಪತ್ರಿಕೆಯಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ನಾನು ತಿಪಟೂರು ಕಡೆಯವನು. ಒಂದರಿಂದ ಹತ್ತರ ತನಕ ಓದಿದ್ದು ಕನ್ನಡ ಮೀಡಿಯಂ. ಸಿಇಟಿಯಲ್ಲಿ ಈ ಸೀಟು ಸಿಕ್ಕಿದ್ದೂ ಕನ್ನಡ ಮಾಧ್ಯಮ ಕೋಟಾದಲ್ಲೇ. ಫಸ್ಟ್ ಸೆಮ್‌ನಲ್ಲಿ ಸಿ ಪ್ರೋಗ್ರಾಮಿಂಗ್ ಇತ್ತು, ಅದಕ್ಕೊಂದು ಲ್ಯಾಬ್. ಲ್ಯಾಬಿನಲ್ಲಿ ಹನ್ನೆರಡು ಪ್ರೋಗ್ರಾಮ್. ಹನ್ನೆರಡನ್ನೂ ನಾನು ಮಗ್ಗಿ ಉರು ಹೊಡೆದ ಹಾಗೆ ಉರು ಹೊಡೆದೆ. ಎಲ್ಲಿ ಸೆಮಿಕೋಲನ್, ಎಲ್ಲಿ ಬ್ರ್ಯಾಕೆಟ್, ಎಲ್ಲ ಬಾಯಿಪಾಠ. ಅದರಲ್ಲೊಂದು ಕರೆಂಟ್ ಬಿಲ್ ಲೆಕ್ಕ ಹಾಕೋ ಪ್ರೋಗ್ರಾಮ್. ಇಷ್ಟು ಯೂನಿಟ್ ತನಕ ಇಷ್ಟು ರೇಟು, ಅದರ ಮೇಲೆ ಇಷ್ಟು ಅಂತ. ನಮ್ಮನೆಗೂ ತಿಂಗಳಿಗೊಂದು ಕರೆಂಟ್ ಬಿಲ್ ಬರುತ್ತೆ, ಅಪ್ಪ ಅದನ್ನ ಕನ್ನಡಕದ ಹತ್ರ ಹಿಡಿದು ಯಾಕೆ ಇಷ್ಟು ಬಂತು ಅಂತ ಪ್ರತಿ ಸಲ ಕೇಳ್ತಾರೆ. ಆ ಬಿಲ್ಲಿಗೂ ನಾನು ಉರು ಹೊಡೆದ ಪ್ರೋಗ್ರಾಮಿಗೂ ಸಂಬಂಧ ಇರಬಹುದು ಅಂತ ನನಗೆ ಒಂದು ದಿನಾನೂ ಹೊಳೀಲಿಲ್ಲ. ನಿಜವಾಗ್ಲೂ.

ಲ್ಯಾಬ್ ಎಕ್ಸಾಮಿನಲ್ಲಿ ಚೀಟಿ ಎತ್ತಿದೆ, ಬಬಲ್ ಸಾರ್ಟ್ ಬಂತು. ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಔಟ್‌ಪುಟ್ ತೋರಿಸಿದೆ. ಎಕ್ಸ್‌ಟರ್ನಲ್ ಸರ್ ಬಂದು ನೋಡಿ, "ಗುಡ್. ಈಗ ಇದನ್ನ ದೊಡ್ಡದರಿಂದ ಚಿಕ್ಕದಕ್ಕೆ ಬರೋ ಹಾಗೆ ಮಾಡಿ" ಅಂದರು. ಒಂದು ಚಿಹ್ನೆ ತಿರುಗಿಸಿದ್ರೆ ಮುಗೀತು. ನಾನು ಮೊದಲಿನಿಂದ ಕೊನೇವರೆಗೂ ಪ್ರೋಗ್ರಾಮನ್ನ ಮನಸ್ಸಿನಲ್ಲೇ ಹೇಳಿಕೊಂಡೆ, ಯಾವ ಸಾಲಿನಲ್ಲಿ ಏನು ನಡೀತಿದೆ ಅಂತ ಗೊತ್ತಾಗಲಿಲ್ಲ. ಸರ್ ಪಾಪ, ತಾವೇ ಬಗ್ಗಿ ಒಂದು ಕೀ ಒತ್ತಿ ಬದಲಾಯಿಸಿ, ರನ್ ಮಾಡಿ, ಮಾರ್ಕ್ಸ್ ಹಾಕಿ ಹೋದರು. ಲ್ಯಾಬ್ ಪಾಸ್, ಥಿಯರಿ ಬ್ಯಾಕ್.

ಆ ಬ್ಯಾಕ್ ಕ್ಲಿಯರ್ ಆಗಿದ್ದು ಹುಬ್ಬಳ್ಳಿ ಕಡೆಯ ಒಬ್ಬ ಸೀನಿಯರ್ ಅಕ್ಕನಿಂದ. ಲೈಬ್ರರಿ ಮೆಟ್ಟಿಲ ಮೇಲೆ ಕೂತು ನಾನು "ಪಾಯಿಂಟರ್ ಈಸ್ ಎ ವೇರಿಯಬಲ್ ದಟ್ ಸ್ಟೋರ್ಸ್..." ಅಂತ ಶುರು ಮಾಡಿದ್ದೆ. ಅವರು ತಡೆದು, "ಅದನ್ನ ಬಿಡೋ. ಪಾಯಿಂಟರ್ ಅಂದ್ರ ಮನಿ ಅಲ್ಲ, ಮನಿ ನಂಬರ್ ಬರದ ಚೀಟಿ. ಚೀಟಿ ಕೊಟ್ರ ಅಂವ ಮನೀಗೇ ಹೋಗಿ ಸಾಮಾನು ಬದಲಿ ಮಾಡಿ ಬರ್ತಾನ" ಅಂದರು. ಮತ್ತೆ ಸ್ವಾಪ್ ಫಂಕ್ಷನ್ ಯಾಕೆ ಕೆಲಸ ಮಾಡಲ್ಲ ಅಂತ ಕೇಳಿದ್ದಕ್ಕೆ, "ನಿನ್ನ ಮಾರ್ಕ್ಸ್ ಕಾರ್ಡಿಂದು ಜೆರಾಕ್ಸ್ ಮ್ಯಾಲ ಪೆನ್ನಿಲೆ ತಿದ್ದಿದ್ರ ಒರಿಜಿನಲ್ ಬದಲಾಗ್ತದೇನು?" ಅಂತ ನಕ್ಕರು. ಆರು ತಿಂಗಳು ಅರ್ಥ ಆಗದೇ ಇದ್ದದ್ದು ಆರು ನಿಮಿಷಕ್ಕೆ ಆಯ್ತು. ಇದರಿಂದ ನಾನು ಪಾಠ ಕಲಿತೆ ಅಂದುಕೊಂಡರೆ ತಪ್ಪು. ಪಾಸಾದ ಕೂಡಲೇ ಹಳೇ ಚಾಳಿಗೇ ವಾಪಸ್ ಬಂದೆ.

ಸೆಕೆಂಡ್ ಇಯರ್‌ನಲ್ಲಿ ಸಿ ಪ್ಲಸ್ ಪ್ಲಸ್ ಅರ್ಧ. ಆಮೇಲೆ ಯಾರೋ ಜಾವಾ ಅಂದರು, ಆನ್‌ಲೈನ್ ಕೋರ್ಸ್ ಒಂದನ್ನ ಡಬಲ್ ಸ್ಪೀಡಿನಲ್ಲಿ ನೋಡಿ ಮುಗಿಸಿದೆ. ಸರ್ಟಿಫಿಕೇಟ್ ಬಂತು. ಲಿಂಕ್ಡ್‌ಇನ್‌ನಲ್ಲಿ ಹಾಕಿದೆ, ಸೋದರಮಾವ ಸೇರಿ ನಲವತ್ತು ಜನ ಲೈಕ್ ಒತ್ತಿದರು. ಆಮೇಲೆ ಪೈಥಾನ್, ಇನ್ನೊಂದು ಸರ್ಟಿಫಿಕೇಟ್. ಜಾವಾಸ್ಕ್ರಿಪ್ಟ್, ಮತ್ತೊಂದು. ಥರ್ಡ್ ಇಯರ್ ಮುಗಿಯೋ ಹೊತ್ತಿಗೆ ರೆಸ್ಯೂಮೆಯಲ್ಲಿ ಐದು ಲ್ಯಾಂಗ್ವೇಜ್ ಇತ್ತು. ಯಾವುದರಲ್ಲೂ ಖಾಲಿ ಸ್ಕ್ರೀನಿನಿಂದ ಶುರು ಮಾಡಿ ಐವತ್ತು ಸಾಲು ಬರೆದಿರಲಿಲ್ಲ. ವಿಡಿಯೋದಲ್ಲಿ ಅವರು ಬರೆದದ್ದನ್ನ ನೋಡ್ತಾ ನಾನೂ ಟೈಪ್ ಮಾಡಿದ್ದು ಅಷ್ಟೇ.

ಮೊದಲನೇ ಇಂಟರ್‌ವ್ಯೂ. ಕಂಪನಿ ಹೆಸರು ಬೇಡ. ಆಪ್ಟಿಟ್ಯೂಡ್ ದಾಟಿ ಟೆಕ್ನಿಕಲ್ ರೌಂಡಿಗೆ ಹೋದೆ. ಅವರು ನನ್ನ ರೆಸ್ಯೂಮೆ ನೋಡಿ, "ಜಾವಾದಲ್ಲಿ ಸ್ಟ್ರಿಂಗ್ ಬಗ್ಗೆ ಹೇಳಿ" ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ಥಟ್ಟನೆ "ಸ್ಟ್ರಿಂಗ್ಸ್ ಆರ್ ಇಮ್ಯೂಟಬಲ್ ಇನ್ ಜಾವಾ" ಅಂದೆ. ಅವರು ಪೇಪರಿನಲ್ಲಿ ಮೂರು ಸಾಲು ಬರೆದರು. ಒಂದು ವೇರಿಯಬಲ್ಲಿಗೆ "ಹಲೋ" ಅಂತ ಸ್ಟ್ರಿಂಗ್ ಕೊಟ್ಟಿದೆ. ಮುಂದಿನ ಸಾಲಿನಲ್ಲಿ ಅದಕ್ಕೆ ಕಾನ್‌ಕ್ಯಾಟ್ ಅನ್ನೋ ಮೆಥಡ್‌ನಿಂದ "ವರ್ಲ್ಡ್" ಸೇರಿಸಿದೆ. ಮೂರನೇ ಸಾಲಿನಲ್ಲಿ ಅದೇ ವೇರಿಯಬಲ್ಲನ್ನ ಪ್ರಿಂಟ್ ಮಾಡಿದೆ. ಏನು ಬರುತ್ತೆ? "ಹಲೋ ವರ್ಲ್ಡ್" ಅಂದೆ. ಬರೋದು ಬರೀ "ಹಲೋ". ಅರ್ಧ ನಿಮಿಷದ ಹಿಂದೆ ನಾನೇ ಹೇಳಿದ ವಾಕ್ಯದ ಅರ್ಥ ಅದೇ ಆಗಿತ್ತು.

ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಪರವಾಗಿಲ್ಲ, ಇಂಗ್ಲಿಷ್ ಬೇಡ. ಕನ್ನಡದಲ್ಲೇ ಹೇಳಿ, ಇಲ್ಲಿ ಏನಾಗ್ತಿದೆ?" ಅಂದರು. ಮೈಸೂರು ಕಡೆಯವರಿರಬೇಕು, ಮಾತು ಹಾಗಿತ್ತು.

ಕನ್ನಡದಲ್ಲೂ ಹೇಳೋಕೆ ಬರಲಿಲ್ಲ.

ಮೂರು ವರ್ಷ ನಾನು ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದು ಒಂದೇ ಮಾತು: ನನಗೆ ವಿಷಯ ಗೊತ್ತು, ಇಂಗ್ಲಿಷ್ ಬರಲ್ಲ ಅಷ್ಟೇ, ಕನ್ನಡ ಮೀಡಿಯಂ ಅಲ್ವಾ. ಅಪ್ಪನಿಗೂ ಅದೇ ಹೇಳಿದ್ದೆ. ಆವತ್ತು ಆ ಮನುಷ್ಯ ನನ್ನ ಭಾಷೆಯನ್ನೇ ನನಗೆ ವಾಪಸ್ ಕೊಟ್ಟರು, ಆಗ ಹೇಳೋಕೆ ನನ್ನ ಹತ್ರ ಏನೂ ಇರಲಿಲ್ಲ. ಇಂಗ್ಲಿಷ್ ಸಮಸ್ಯೆ ಅಲ್ಲ ಅಂತ ನಾನು ಹೇಳ್ತಿಲ್ಲ. ಅದು ಸಮಸ್ಯೆನೇ, ಹಳ್ಳಿಯಿಂದ ಬಂದವರಿಗೆ ಅದು ಎಷ್ಟು ಹಿಂಸೆ ಅಂತ ಗೊತ್ತಿರೋರಿಗೆ ಗೊತ್ತು. ಆದರೆ ಅದರ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದೆ. ನೀವೂ ಬಚ್ಚಿಟ್ಟುಕೊಂಡಿದ್ದೀರಾ ಅಂತ ನೋಡಿಕೊಳ್ಳೋಕೆ ಒಂದು ದಾರಿ ಇದೆ: ನಿಮ್ಮ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಮನೆಮಾತಿನಲ್ಲಿ ಯಾರಿಗಾದರೂ ಹೇಳಿ ನೋಡಿ. ಇಂಗ್ಲಿಷಿನಲ್ಲಿ ಬಾಯಿಪಾಠದ ವಾಕ್ಯ ಹೇಳಿ ಬಚಾವಾಗಬಹುದು. ಕನ್ನಡದಲ್ಲಿ ಯಾರೂ ನಮಗೆ ಡೆಫಿನಿಷನ್ ಬರೆಸಿಲ್ಲ, ಹಾಗಾಗಿ ಅಲ್ಲಿ ಬಚಾವಾಗೋಕೆ ಆಗಲ್ಲ.

ಆ ಸೆಮ್ ರಜಕ್ಕೆ ಊರಿಗೆ ಹೋದೆ. ತಂಗಿ ಆಗ ಎಂಟನೇ ಕ್ಲಾಸು. ಹೋಮ್‌ವರ್ಕಿನಲ್ಲಿ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗೋ ಪದಗಳ ಪಟ್ಟಿ ಮಾಡ್ತಿದ್ದಳು. ಕನಕ, ನಮನ, ವಿಕಟಕವಿ. ಅಣ್ಣ ಇಂಜಿನಿಯರ್ ಆಗ್ತಿದ್ದಾನಲ್ಲ, ತೋರಿಸೋಣ ಅಂತ ಲ್ಯಾಪ್‌ಟಾಪ್ ತೆಗೆದು ಪೈಥಾನಿನಲ್ಲಿ ಪಾಲಿಂಡ್ರೋಮ್ ಪ್ರೋಗ್ರಾಮ್ ಬರೆದೆ. ಪದವನ್ನ ತಿರುಗಿಸು, ಮೊದಲಿನದಕ್ಕೆ ಹೋಲಿಸು, ಸಮ ಇದ್ರೆ ಹೌದು. ಎರಡು ಸಾಲು. ಕನಕ ಕೊಟ್ಟೆ, ಹೌದು ಅಂತು. ನಮನ, ಹೌದು. ವಿಕಟಕವಿ ಕೊಟ್ಟೆ. ಅಲ್ಲ ಅಂತು.

ಮತ್ತೆ ಟೈಪ್ ಮಾಡಿದೆ. ಮತ್ತೆ ಅಲ್ಲ.

"ನಿನ್ನ ಕಂಪ್ಯೂಟರಿಗೆ ಕನ್ನಡ ಬರಲ್ಲ ಬಿಡಣ್ಣ" ಅಂತ ಅವಳು ನಗ್ತಾ ಪುಸ್ತಕ ಮಡಚಿಟ್ಟು ಆಟಕ್ಕೆ ಹೋದಳು. ನನಗೆ ಮಾತ್ರ ತಲೆ ಕೆಟ್ಟುಹೋಯ್ತು. ತೆನಾಲಿ ರಾಮನ ಕಥೆ ಕೇಳಿದ ಮಗುವಿಗೂ ಗೊತ್ತಿರೋದು ಇದಕ್ಕೆ ಯಾಕೆ ಗೊತ್ತಿಲ್ಲ? ಮೊದಲ ಸಲ ನನ್ನ ಕೈಯಲ್ಲಿ ಒಂದು ಪ್ರಶ್ನೆ ಇತ್ತು, ಸಿಲಬಸ್ಸಿನಲ್ಲಿ ಇಲ್ಲದ್ದು, ಮಾರ್ಕ್ಸ್ ಇಲ್ಲದ್ದು, ಉತ್ತರ ಗೊತ್ತಾಗದಿದ್ದರೆ ನಿದ್ದೆ ಬರದಂಥದ್ದು.

ಪದದ ಉದ್ದ ಎಷ್ಟು ಅಂತ ಪೈಥಾನನ್ನ ಕೇಳಿದೆ. ಏಳು ಅಂತು. ನಾವು ಬೆರಳು ಮಡಚಿ ಎಣಿಸಿದರೆ ಐದು: ವಿ, ಕ, ಟ, ಕ, ವಿ. ಏಳು ಎಲ್ಲಿಂದ ಬಂತು ಅಂತ ಒಂದೊಂದನ್ನೇ ಬೇರೆ ಸಾಲಿನಲ್ಲಿ ಪ್ರಿಂಟ್ ಮಾಡಿಸಿದೆ. ಆಗ ಕಾಣಿಸ್ತು. ಕಂಪ್ಯೂಟರ್ "ವಿ" ಅನ್ನೋದನ್ನ ಒಂದು ಅಕ್ಷರ ಅಂತ ಇಟ್ಟುಕೊಂಡಿಲ್ಲ. "ವ" ಒಂದು, ಅದರ ಮೇಲಿನ ಗುಡಿಸು ಇನ್ನೊಂದು. ಯೂನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ನಂಬರ್. ಪದವನ್ನ ತಿರುಗಿಸಿದಾಗ ಕೊನೇ "ವಿ"ಯ ಗುಡಿಸು ಯಾವ ವ್ಯಂಜನವೂ ಇಲ್ಲದೆ ಅನಾಥವಾಗಿ ಮೊದಲಿಗೆ ಬಂದು ನಿಲ್ಲುತ್ತೆ. ಮೊದಲಿದ್ದ "ವಿ"ಯ ಗುಡಿಸು ಹೋಗಿ ಪಕ್ಕದ "ಕ"ಗೆ ಅಂಟಿಕೊಂಡು "ಕಿ" ಆಗುತ್ತೆ. ಕನಕ, ನಮನ ಪಾಸಾಗಿದ್ದು ಅವುಗಳಲ್ಲಿ ಗುಣಿತಾಕ್ಷರವೂ ಇಲ್ಲ, ಒತ್ತೂ ಇಲ್ಲ ಅನ್ನೋ ಕಾರಣಕ್ಕೆ, ಅದೃಷ್ಟದಿಂದ.

ಅದೇ ಹಠದಲ್ಲಿ ಸಿ ನಲ್ಲೂ ಬರೆದೆ. ಸ್ಟ್ರಿಂಗ್ ಉದ್ದ ಕೇಳಿದರೆ ಸಿ ಹೇಳಿದ್ದು 21! ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಏಳು ಮೂರಲೆ ಇಪ್ಪತ್ತೊಂದು. ಸಿ ಲೆಕ್ಕ ಹಾಕೋದು ಬೈಟುಗಳನ್ನ. ಅದರಲ್ಲಿ ಕನಕ ಕೂಡ ಫೇಲ್, ಯಾಕಂದ್ರೆ ಅದು ಬೈಟುಗಳನ್ನೇ ಹಿಂದು ಮುಂದು ಮಾಡಿ ಹೋಲಿಸುತ್ತೆ, ಅಕ್ಷರವೇ ಒಡೆದು ಹೋಗುತ್ತೆ. ಒಂದೇ ಪದ. ಸಿ ಗೆ 21, ಪೈಥಾನಿಗೆ 7, ತಂಗಿಗೆ 5. ಮೂರೂ ಸರಿ. ಯಾರು ಏನನ್ನ ಎಣಿಸ್ತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

ಸರಿ ಮಾಡೋಕೆ ನಾಲ್ಕು ದಿನ ಹಿಡೀತು. ಪದವನ್ನ ಮೊದಲು ಅಕ್ಷರ ಅಕ್ಷರವಾಗಿ ಬಿಡಿಸಬೇಕು. ಗುಣಿತದ ಚಿಹ್ನೆ ಬಂದ್ರೆ ಹಿಂದಿನ ವ್ಯಂಜನಕ್ಕೆ ಅಂಟಿಸು. ಅನುಸ್ವಾರ, ವಿಸರ್ಗಕ್ಕೂ ಹಾಗೇ ಮಾಡು. ಅರ್ಧಾಕ್ಷರದ ಚಿಹ್ನೆ ಬಂದ್ರೆ (ಯೂನಿಕೋಡ್ ಅದನ್ನ ವಿರಾಮ ಅನ್ನುತ್ತೆ) ಹಿಂದಿನದಕ್ಕೂ ಅಂಟಿಸು, ಮುಂದೆ ಬರೋ ವ್ಯಂಜನವನ್ನೂ ಅದೇ ಗುಂಪಿಗೆ ಎಳೆದುಕೋ. ಆಮೇಲೆ ಆ ಗುಂಪುಗಳನ್ನ ತಿರುಗಿಸು. ಎಲ್ಲ ಸೇರಿ ಮೂವತ್ತು ಸಾಲು ಚಿಲ್ಲರೆ. ಮೊದಲ ದಿನ ಬರೆದದ್ದು ಎರಡನೇ ದಿನ ಅಳಿಸಿದೆ. ಲಿಸ್ಟ್ ಅಂದ್ರೇನು, ಲೂಪಿನ ಒಳಗೆ ಹಿಂದಿನದನ್ನ ನೆನಪಿಟ್ಟುಕೊಳ್ಳೋದು ಹೇಗೆ, ಸ್ಟ್ರಿಂಗನ್ನ ಇದ್ದಲ್ಲೇ ಬದಲಾಯಿಸೋಕೆ ಹೋದ್ರೆ ಪೈಥಾನ್ ಯಾಕೆ ಬಯ್ಯುತ್ತೆ... ಅಲ್ಲೇ ಗೊತ್ತಾಗಿದ್ದು ನನಗೆ, ಆ ಇಂಟರ್‌ವ್ಯೂದಲ್ಲಿ ಹೇಳಬೇಕಿದ್ದ ಉತ್ತರ. ಹಳೇ ಸ್ಟ್ರಿಂಗ್ ಇದ್ದ ಹಾಗೇ ಇರುತ್ತೆ, ಜೋಡಿಸಿದಾಗ ಹೊಸದೊಂದು ಹುಟ್ಟುತ್ತೆ, ಅದನ್ನ ನಾವು ಹಿಡಿದಿಟ್ಟುಕೊಳ್ಳದಿದ್ರೆ ಅದು ಕಳೆದುಹೋಗುತ್ತೆ. ಇಷ್ಟೇ. ಕನ್ನಡದಲ್ಲಿ ಒಂದು ವಾಕ್ಯ.

ಇನ್ನೊಂದು ವಿಷಯ ಹೊಳೀತು ಆಗ. ನಾವು ಕನ್ನಡ ಮೀಡಿಯಂನವರು ಪ್ರೋಗ್ರಾಮಿಂಗನ್ನ ಕಾಲೇಜಿಗೆ ಬಂದ ಮೇಲೆ ಮೊದಲ ಸಲ ನೋಡ್ತೀವಿ ಅಂದ್ಕೊಂಡಿರ್ತೀವಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಹ್ರಸ್ವಾಕ್ಷರಕ್ಕೆ ಲಘು, ಒಂದು ಮಾತ್ರೆ. ದೀರ್ಘಕ್ಕೆ ಗುರು, ಎರಡು ಮಾತ್ರೆ. ಅನುಸ್ವಾರ ವಿಸರ್ಗ ಇದ್ರೂ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅಂದ್ರೆ ಈ ಅಕ್ಷರಕ್ಕೆ ಗುರುತು ಹಾಕೋ ಮೊದಲು ಮುಂದಿನದನ್ನ ಇಣುಕಿ ನೋಡಬೇಕು. ಇದು ಇಫ್-ಎಲ್ಸ್ ಅಲ್ಲದೆ ಇನ್ನೇನು? ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ 23 ಬಂದಿದೆಯಾ ಅಂತ ಕೂಡಿ ನೋಡ್ತಿದ್ವಲ್ಲ, ಅದು ಟೆಸ್ಟ್ ಕೇಸ್. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಅಲ್ಗಾರಿದಮ್ ಹೇಳಿಕೊಟ್ಟಿದ್ದರು, ಆ ಹೆಸರು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಈಗ ಅದನ್ನೇ ಪ್ರೋಗ್ರಾಮ್ ಮಾಡ್ತಿದ್ದೀನಿ. ಅಕ್ಷರ ಬಿಡಿಸೋದು ಆಗಿದ್ದರಿಂದ ಅರ್ಧ ಕೆಲಸ ಮುಗಿದಿದೆ.

ಹಾಗಿದ್ರೆ ಜಾವಾನಾ ಪೈಥಾನಾ? ಯಾವುದಾದ್ರೂ ಒಂದು, ಆದರೆ ಒಂದೇ, ಕನಿಷ್ಠ ಒಂದು ವರ್ಷ. ಇದು ನನ್ನ ಅಭಿಪ್ರಾಯ, ಒಪ್ಪದವರು ಮುಂದಿನ ಸಂಚಿಕೆಗೆ ಬರೀಲಿ. ಸಿ ಹಳೇದು, ವೇಸ್ಟು ಅಂತಾರೆ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಮಾಡಿದ ಭಾಷೆ ನಿಜ. ನೀವು ಹೊಸದು ಅಂತ ಹೊಗಳೋ ಪೈಥಾನಿನ ಮುಖ್ಯ ಇಂಟರ್‌ಪ್ರಿಟರ್ ಬರೆದಿರೋದು ಸಿ ನಲ್ಲೇ, ಲಿನಕ್ಸ್ ಕರ್ನಲ್ಲೂ ಬಹುಪಾಲು ಸಿ ನಲ್ಲೇ. ಪೈಥಾನ್ ಹೊಸದು, ಜಾವಾ ಹಳೇದು ಅನ್ನೋದಂತೂ ನಮ್ಮ ಕ್ಲಾಸಿನಲ್ಲಿ ಎಲ್ಲರೂ ನಂಬಿದ್ದ ಮಾತು. ಪೈಥಾನ್ ಹೊರಬಂದಿದ್ದು 1991ರಲ್ಲಿ, ಜಾವಾ 1995ರಲ್ಲಿ. ವಯಸ್ಸು ನೋಡಿ ಭಾಷೆ ಆರಿಸೋದು ಹಾಗಿರಲಿ. ಸಿಲಬಸ್ಸಿನಲ್ಲಿ ಈಗ ಯಾವುದಿದೆಯೋ ಅದನ್ನೇ ಹಿಡಿದುಕೊಳ್ಳಿ, ಖರ್ಚಿಲ್ಲ. ಒಂದರಲ್ಲಿ ಲೂಪು, ಫಂಕ್ಷನ್ನು, ಲಿಸ್ಟು ಕೈಗೆ ಹತ್ತಿದರೆ ಎರಡನೆಯದಕ್ಕೆ ಹೋಗೋದು ತುಮಕೂರಿನವನು ಹಾವೇರಿಗೆ ಹೋಗಿ ಮಾತಾಡಿದ ಹಾಗೆ. ಎರಡು ವಾರ ಕಿವಿಗೆ ಬೇರೆ ಥರ ಅನ್ನಿಸುತ್ತೆ, ಆಮೇಲೆ ಸರಿ ಹೋಗುತ್ತೆ. ಸಿ ನಿಂದ ಪ್ರೊಲಾಗ್‌ಗೆ ಹೋಗೋದು ಹೀಗಿರಲ್ಲ ಅಂತ ನನ್ನ ರೂಮ್‌ಮೇಟ್ ಈಗಲೇ ತಕರಾರು ತೆಗೀತಿದ್ದಾನೆ. ಇರಲಿ, ಅವನು ಹೇಳೋದೂ ಸರಿ. ನಮ್ಮ ಪ್ಲೇಸ್‌ಮೆಂಟಿಗೆ ಪ್ರೊಲಾಗ್ ಯಾರೂ ಕೇಳ್ತಿಲ್ಲ.

ಲ್ಯಾಂಗ್ವೇಜಿಗಿಂತ ಮುಖ್ಯ, ನಿಮ್ಮದೇ ಒಂದು ಪ್ರಶ್ನೆ ಹುಡುಕಿಕೊಳ್ಳೋದು. ದೊಡ್ಡ ಪ್ರಾಜೆಕ್ಟ್ ಬೇಡ. ಮನೆ ಕರೆಂಟ್ ಬಿಲ್ಲು ಸಾಕು. ಹಾಸ್ಟೆಲ್ ಮೆಸ್ ಬಿಲ್ಲಿನಲ್ಲಿ ರಿಬೇಟ್ ಸರಿಯಾಗಿ ಕಳೆದಿದ್ದಾರಾ ಅನ್ನೋದು ಇನ್ನೂ ಒಳ್ಳೇ ಪ್ರಶ್ನೆ. ನನಗೆ ವಿಕಟಕವಿ ಸಿಕ್ಕಿದ್ದು ತಂಗಿಯ ಹೋಮ್‌ವರ್ಕಿನಲ್ಲಿ.

ಈಗ ಎಐ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಿದವರೂ ಇದ್ದಾರೆ. ನಾನೂ ಕೇಳಿ ನೋಡಿದೆ. ಪಾಲಿಂಡ್ರೋಮ್ ಪ್ರೋಗ್ರಾಮ್ ಕೊಡು ಅಂದೆ. ನಾನು ಮೊದಲ ದಿನ ಬರೆದಿದ್ದನ್ನೇ, ಆ ಎರಡು ಸಾಲನ್ನೇ, ಚೆಂದದ ವಿವರಣೆ ಸಮೇತ ಕೊಡ್ತು. ಅದಕ್ಕೂ ವಿಕಟಕವಿ ಪಾಲಿಂಡ್ರೋಮ್ ಅಲ್ಲ. ಆಮೇಲೆ ಕನ್ನಡ ಗುಣಿತಾಕ್ಷರ, ಒತ್ತಕ್ಷರ ಬಂದ್ರೆ ಹೀಗೆ ಒಡೆದು ಹೋಗುತ್ತೆ, ಅಕ್ಷರಗಳ ಗುಂಪು ಮಾಡಿ ಬರಿ ಅಂದೆ. ಆಗ ನನ್ನದಕ್ಕಿಂತ ಚೆನ್ನಾಗಿರೋ ಕೋಡ್ ಬಂತು, ಒಪ್ಪಿಕೊಳ್ತೀನಿ. ಆದರೆ ಆ ಎರಡನೇ ಪ್ರಶ್ನೆ ಕೇಳೋಕೆ ನನಗೆ ನಾಲ್ಕು ದಿನದ ಒದ್ದಾಟ ಬೇಕಾಗಿತ್ತು. ಮೊದಲ ಉತ್ತರ ತಪ್ಪು ಅಂತ ಕಂಡುಹಿಡಿದಿದ್ದು ಎಂಟನೇ ಕ್ಲಾಸಿನ ಹುಡುಗಿ. ಉರು ಹೊಡೆದು ಬಂದ ನನ್ನಂಥವನು ಅದನ್ನ ಕಾಪಿ ಮಾಡಿ ರೆಕಾರ್ಡಿಗೆ ಅಂಟಿಸಿ ಮಲಗ್ತಿದ್ದ.

ಕನ್ನಡದಲ್ಲಿ ಕಲಿಯೋದು ಅಂದ ಕೂಡಲೇ ಕೆಲವರು ಪಾರಿಭಾಷಿಕ ಪದಕೋಶ ಹಿಡಿದು ಬರ್ತಾರೆ. ವೇರಿಯಬಲ್ಲಿಗೆ ಚರಾಂಶ ಅನ್ನಬೇಕು, ಇನ್ನೊಂದಕ್ಕೆ ಇನ್ನೊಂದು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ವೇರಿಯಬಲ್ ವೇರಿಯಬಲ್ಲೇ ಆಗಿರಲಿ, ಬಸ್ಸು ಬಸ್ಸಾಗಿರೋ ಹಾಗೆ. ಯಾಕೆ, ಹೇಗೆ, ಆಮೇಲೇನಾಯ್ತು ಅನ್ನೋದು ಕನ್ನಡದಲ್ಲಿ ಬಂದರೆ ಸಾಕು. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರುಗಳನ್ನ ಕನ್ನಡ ಲಿಪಿಯಲ್ಲೇ ಇಡಬಹುದು, "ಮೊತ್ತ", "ಬಾಕಿ" ಅಂತ, ನಿಜವಾಗ್ಲೂ ಓಡುತ್ತೆ. ಒಂದು ಸಂಜೆ ಮಾಡಿ ನೋಡಿದೆ. ಖುಷಿಯಾಯ್ತು. ಆದರೆ ಪದಪದಕ್ಕೂ ಕೀಬೋರ್ಡ್ ಬದಲಾಯಿಸಿ ಬೆರಳು ನೋವು ಬಂತು, ಬಿಟ್ಟೆ. 2021ರಿಂದ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋಕೆ ಒಪ್ಪಿಗೆ ಕೊಟ್ಟಿದೆ, ಅದು ದೊಡ್ಡ ಚರ್ಚೆ. ನಾನು ಕೇಳ್ತಿರೋದು ಅಷ್ಟು ದೊಡ್ಡದಲ್ಲ.

ನಮ್ಮ ಡಿಪಾರ್ಟ್‌ಮೆಂಟಿನವರಿಗೆ ಒಂದು ಮಾತು, ತಪ್ಪಾಗಿ ತಿಳೀಬೇಡಿ. ಒಬ್ಬ ಮೇಡಂ ಅರವತ್ತು ರೆಕಾರ್ಡ್ ತಿದ್ದಬೇಕು, ಅದರ ಮೇಲೆ ಅಕ್ರೆಡಿಟೇಶನ್ ಫೈಲುಗಳು, ಗೊತ್ತಿದೆ. ಆದರೆ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ಪ್ರೋಗ್ರಾಮ್ ಪೂರ್ತಿ ಬರೆಸೋ ಬದಲು, ಬರೆದಿರೋ ಪ್ರೋಗ್ರಾಮ್ ಕೈಗೆ ಕೊಟ್ಟು ಒಂದು ಬದಲಾವಣೆ ಕೇಳಿದರೆ? ಆ ಎಕ್ಸ್‌ಟರ್ನಲ್ ಸರ್ ಕೇಳಿದ ಹಾಗೆ. ಉತ್ತರವನ್ನ ವಿದ್ಯಾರ್ಥಿಗೆ ಬರೋ ಭಾಷೆಯಲ್ಲಿ ಹೇಳೋಕೆ ಬಿಟ್ಟರೆ? ರೆಕಾರ್ಡ್ ಬರೆಯೋ ಟೈಮಿನಲ್ಲಿ ಅರ್ಧ ಉಳಿಯುತ್ತೆ, ನಮ್ಮಂಥವರು ಫಸ್ಟ್ ಸೆಮ್ಮಿನಲ್ಲೇ ಸಿಕ್ಕಿಬೀಳ್ತೀವಿ. ಸಿಕ್ಕಿಬೀಳೋಕೆ ಅದು ಒಳ್ಳೇ ವಯಸ್ಸು. ಪ್ಲೇಸ್‌ಮೆಂಟ್ ರೂಮಿನಲ್ಲಿ ಸಿಕ್ಕಿಬಿದ್ದರೆ ಮನೆಗೆ ಏನು ಹೇಳೋದು ಅಂತ ಬಸ್ಸಿನಲ್ಲಿ ಯೋಚನೆ ಮಾಡ್ಕೊಂಡು ಹೋಗಬೇಕಾಗುತ್ತೆ.

ಕನ್ನಡ ಸಂಘದವರಿಗೂ ಒಂದು ಮಾತು, ನಾನೂ ಇದರಲ್ಲೇ ಇರೋದರಿಂದ ಬೈದರೆ ನನ್ನನ್ನೇ ಬೈದ ಹಾಗೆ. ನವೆಂಬರಿನಲ್ಲಿ ಬಾವುಟ, ಡೊಳ್ಳು, ಶಾಲು ಎಲ್ಲ ಚೆನ್ನಾಗಿ ಮಾಡ್ತೀವಿ. ಡಿಸೆಂಬರಿನಿಂದ ಅಕ್ಟೋಬರ್ ತನಕ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಶುಭೋದಯ ಬಿಟ್ರೆ ಏನಿದೆ? ಹೋದ ಸೆಮ್‌ನಲ್ಲಿ ನಾವು ಆರು ಜನ ಸೇರಿ ಶನಿವಾರ ನಾಲ್ಕು ಗಂಟೆಗೆ ಒಂದು ಕೂಟ ಶುರು ಮಾಡಿದ್ವಿ. ಪ್ರತಿ ವಾರ ಒಬ್ಬರು ತಾವು ಬರೆದ ಒಂದು ಪ್ರೋಗ್ರಾಮ್ ತರಬೇಕು, ಸ್ಲೈಡ್ ಇಲ್ಲದೆ, ಬೋರ್ಡಿನ ಮೇಲೆ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕು. ಯಾರು ಬೇಕಾದರೂ ನಡುವೆ "ಯಾಕೆ?" ಅನ್ನಬಹುದು. ಮೊದಲ ವಾರ ಹದಿನಾಲ್ಕು ಜನ ಬಂದರು. ಮೂರನೇ ವಾರಕ್ಕೆ ಐದು. ಇದರ ಬದಲು ಲೀಟ್‌ಕೋಡ್ ಮಾಡಬಹುದಿತ್ತು ಅಂತ ಹೇಳಿ ಇಬ್ಬರು ಬಿಟ್ಟರು. ಲೀಟ್‌ಕೋಡ್ ಮಾಡಲೇಬೇಕು, ನಾನೂ ಮಾಡ್ತೀನಿ, ಅದಿಲ್ಲದೆ ಕೋಡಿಂಗ್ ರೌಂಡ್ ದಾಟಲ್ಲ. ಆದರೆ ಅಲ್ಲೂ ಉತ್ತರಗಳನ್ನ ನೋಡಿ ಉರು ಹೊಡೆಯೋರನ್ನ ಕಂಡಿದ್ದೀನಿ. ಹಳೇ ಹನ್ನೆರಡು ಪ್ರೋಗ್ರಾಮಿನ ಜಾಗದಲ್ಲಿ ಈಗ ಇನ್ನೂರು.

ಉಳಿದ ಐದು ಜನರಲ್ಲಿ ಒಬ್ಬಳು ಹೊರ ರಾಜ್ಯದವಳು, ಬಳಕೆ ಕನ್ನಡ ಕ್ಲಾಸಿನಲ್ಲಿ ಕಲಿತ ಕನ್ನಡ. ಅವಳು ರಿಕರ್ಶನ್ ಬಗ್ಗೆ ಹೇಳಿದ್ದು ಇಡೀ ಸೆಮ್ಮಿನ ಅತ್ಯಂತ ಚೆನ್ನಾಗಿದ್ದ ವಿವರಣೆ. ಪದಗಳು ಕಮ್ಮಿ ಗೊತ್ತಿದ್ದರಿಂದ ಸುತ್ತಿ ಬಳಸಿ ಹೇಳೋ ಹಾಗೇ ಇರಲಿಲ್ಲ ಅವಳಿಗೆ.

ನನ್ನ ಕೆಲಸ ಏನಾಯ್ತು ಅಂತ ಕೇಳ್ತೀರಿ. ಎರಡನೇ ಇಂಟರ್‌ವ್ಯೂದಲ್ಲಿ ರೆಸ್ಯೂಮೆಯಿಂದ ನಾಲ್ಕು ಲ್ಯಾಂಗ್ವೇಜ್ ತೆಗೆದುಹಾಕಿ ಪೈಥಾನ್ ಒಂದನ್ನೇ ಬಿಟ್ಟಿದ್ದೆ, ಕೆಳಗೆ ಅಕ್ಷರ ಬಿಡಿಸೋ ಪ್ರೋಗ್ರಾಮ್. ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಮಾತು. ನನ್ನ ಇಂಗ್ಲಿಷ್ ಅಷ್ಟೇನೂ ಸುಧಾರಿಸಿರಲಿಲ್ಲ, ಗ್ರಾಮರ್ ಅಲ್ಲಲ್ಲಿ ಬಿದ್ದುಹೋಗ್ತಿತ್ತು, ಆದರೆ ಬೈಟು ಅಕ್ಷರ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಇಮೋಜಿ ಬಂದರೆ ನಿನ್ನ ಪ್ರೋಗ್ರಾಮ್ ಏನು ಮಾಡುತ್ತೆ ಅಂದರು. ಗೊತ್ತಿಲ್ಲ ಸರ್, ಹೀಗಾಗಬಹುದು ಅಂತ ಊಹೆ ಹೇಳಿದೆ. ಆ ಕೆಲಸವೂ ಸಿಗಲಿಲ್ಲ. ಡೇಟಾಬೇಸ್ ಪ್ರಶ್ನೆಗಳಲ್ಲಿ ಹೋಯ್ತು, ನಾರ್ಮಲೈಸೇಶನ್ ನಾನು ಉರು ಹೊಡೆದಿದ್ದ ಇನ್ನೊಂದು ಚಾಪ್ಟರ್. ಮುಂದಿನ ತಿಂಗಳು ಇನ್ನೆರಡು ಕಂಪನಿ ಬರ್ತಿವೆ. ಅಪ್ಪನಿಗೆ ಫೋನ್ ಮಾಡಿ, ಈ ಸಲ ಇಂಗ್ಲಿಷಿನಿಂದ ಹೋಗಲಿಲ್ಲ, ಡೇಟಾಬೇಸ್ ಓದಿರಲಿಲ್ಲ ಅಂದೆ. "ಓದ್ಕೊಳಪ್ಪ ಹಂಗಾದ್ರೆ" ಅಂದರು. ಅದರ ಮೇಲೆ ಏನೂ ಕೇಳಲಿಲ್ಲ.

ತಂಗಿ ಈಗ ಒಂಬತ್ತನೇ ಕ್ಲಾಸು, ಪ್ರಸ್ತಾರ ಹಾಕೋ ವರ್ಷ. ಹೋದ ವಾರ ಊರಿಗೆ ಹೋಗಿದ್ದಾಗ ನನ್ನ ಪ್ರೋಗ್ರಾಮಿಗೆ ಒಂದೊಂದೇ ಪದ ಕೊಡ್ತಾ ಕೂತಿದ್ದಳು, ತಪ್ಪು ಹುಡುಕೋದರಲ್ಲಿ ಅವಳಿಗೆ ಭಾರೀ ಆನಂದ. "ರ‍್ಯಾಂಕ್" ಅಂತ ಕೊಟ್ಟಳು. ಎರಡು ಗುಂಪು ಬರಬೇಕಿತ್ತು, ಮೂರು ಬಂತು. ಬಿಡಿಸಿ ನೋಡಿದರೆ, "ಸೂರ್ಯ"ದಲ್ಲಿ ಬರೋ ಹಾಗೆ ಅರ್ಕಾವತ್ತು ಬರದೇ "ರ" ಕೆಳಗೆ ಯ-ಒತ್ತು ಬರಲಿ ಅಂತ ನಡುವೆ ಒಂದು ಕಣ್ಣಿಗೆ ಕಾಣದ ಚಿಹ್ನೆ ಕೂತಿದೆ, ಝೀರೋ ವಿಡ್ತ್ ಜಾಯಿನರ್ ಅಂತ. ನನ್ನ ಪ್ರೋಗ್ರಾಮ್ ಅದನ್ನೂ ಒಂದು ಅಕ್ಷರ ಅಂದುಕೊಂಡಿದೆ. ಇನ್ನೂ ಸರಿ ಮಾಡಿಲ್ಲ. ಈ ಶನಿವಾರ ನಾಲ್ಕು ಗಂಟೆಗೆ ಅದನ್ನೇ ಬೋರ್ಡಿನ ಮೇಲೆ ಹಾಕ್ತೀನಿ. ಆ ಹನ್ನೊಂದು ಜನ ಬನ್ನಿ.